ಫೋನಿನೊಳಗಿನ ಜೀರುಂಡೆ

ಅಪ್ಪನಿಗೆ ನಮಸ್ಕಾರ.

ನಿನ್ನೆ ಗಂಡಿನ ಕಡೆಯವರಿಗೆ ‘ಭಾನುವಾರ ಬನ್ನಿ’ ಎನ್ನಲು ನೀವು ನಮ್ಮ ಕಾಲೇಜಿನ ಫೋನೆತ್ತಿ, “ಇದೇನೇ ಮಗಳೇ, ಒಳಗೆ ಜೀರುಂಡೆ ಕೂತಿದೆ!” ಎಂದು ನಕ್ಕಿರಿ. ಎದುರಿಗೆ ಹೇಳದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಆ ಕಿರ್ ಕಿರ್ ಸದ್ದು ನದಿಯಾಚೆಯ ಕಾಲೇಜಿನ ಕಂಪ್ಯೂಟರಿನದು. ಅದೇ ಫೋನ್ ತಂತಿಯಲ್ಲಿ ನಾನು ನೋಡಿಕೊಳ್ಳುವ ಕಂಪ್ಯೂಟರಿಗೆ ಸಂದೇಶ ಕಳಿಸುತ್ತಿತ್ತು. ನೀವು ಫೋನೆತ್ತಿದೊಡನೆ ಸಂದೇಶ ಕಡಿದುಹೋಯಿತು. ಪರದೆಯ ಮೇಲೆ ಉಳಿದದ್ದು ಇಷ್ಟೇ: ‘ನಿಮ್ಮ ತಂದೆಯವರನ್ನು ಕೇಳಲು ನಾನು’.

ಕಳಿಸಿದವರು ಅಲ್ಲಿನ ಕಂಪ್ಯೂಟರ್ ಆಪರೇಟರ್. ಲೈನ್ ಎಷ್ಟು ಸಲ ಕಡಿದರೂ ಸಿಡುಕದೆ ಮೊದಲಿನಿಂದ ಕಳಿಸುವ ಮನುಷ್ಯ. ಮುಖ ನೋಡಿಲ್ಲ ಅಪ್ಪಾ, ತಾಳ್ಮೆ ನೋಡಿದ್ದೇನೆ.

ಮತ್ತೆ ಲೈನ್ ಸಿಗುವುದು ಶುಕ್ರವಾರ. ಭಾನುವಾರದವರನ್ನು ಒಂದು ವಾರ ತಡೆಯಿರಿ. ಶುಕ್ರವಾರ ನೀವೇ ಬನ್ನಿ, ಪಕ್ಕದಲ್ಲಿ ಕುರ್ಚಿ ಹಾಕಿಸುತ್ತೇನೆ. ಫೋನ್ ಮಾತ್ರ ಮುಟ್ಟಬೇಡಿ. ಜೀರುಂಡೆ ಮಾತು ಮುಗಿಸಲಿ.

ನಿಮ್ಮ ಮಗಳು