ಯಾರ ಹಿಂದೆ ಅಡಗಬೇಕು

ಪುಟ್ಟಿಯ ಅಮ್ಮನಿಗೆ ನಮಸ್ಕಾರ.

ದತ್ತು ಪಡೆದ ಮಗಳನ್ನು ನಿನ್ನೆ ನೀವು ಕರೆದೊಯ್ಯಲು ಬಂದಾಗ, ಅವಳು ನನ್ನ ಬೆನ್ನ ಹಿಂದೆ ಅಡಗಿ ಕಿರುಚಿದಳು. "ನಮ್ಮ ಬಗ್ಗೆ ಏನು ಹೇಳಿಕೊಟ್ಟಿದ್ದೀರಿ?" ಅಂತ ನಿಮ್ಮ ಯಜಮಾನರು ಕೇಳಿಯೇಬಿಟ್ಟರು. ಅದಕ್ಕೆ ಉತ್ತರ ಈಗ ಬರೆಯುತ್ತಿದ್ದೇನೆ.

ಕಾಯಂ ಮನೆ ಸಿಗುವ ತನಕ ಅಂತ ಅನಾಥಾಲಯದವರು ನನ್ನ ಬಳಿ ಬಿಟ್ಟಾಗ ಅವಳಿಗೆ ಎಲ್ಲರೂ ಒಂದೇ. ಬಟ್ಟೆ ಹೊಲಿಸಲು ಬಂದವರ ತೊಡೆಯೇರುತ್ತಿದ್ದಳು. ಯಾರಾದರೂ ತಮಾಷೆಗೆ "ನಮ್ಮನೆಗೆ ಬರ್ತೀಯಾ?" ಅಂದರೆ ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ನಿಂತುಬಿಡುತ್ತಿದ್ದಳು, ನನ್ನ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. "ಎಷ್ಟು ಬೇಗ ಹೊಂದಿಕೊಳ್ಳುತ್ತೆ ಮಗು" ಅಂತ ಎಲ್ಲರಿಗೂ ಖುಷಿ, ನನಗೆ ಮಾತ್ರ ಸಂಕಟ. ಅನಾಥಾಲಯದಲ್ಲಿ ಆಯಾಗಳು ಬದಲಾಗುತ್ತಲೇ ಇದ್ದರಂತೆ. ಪಾಪ, ಯಾರನ್ನು ಅಂತ ನೆಚ್ಚಿಕೊಳ್ಳುತ್ತಾಳೆ?

ಬಿದ್ದರೆ ನನ್ನ ಹತ್ತಿರವೇ ಓಡಿ ಬರುವುದು, ಹೊಸಬರನ್ನು ಕಂಡರೆ ಹಿಂಜರಿಯುವುದು ಅವಳಿಗೆ ಬರುವಷ್ಟರಲ್ಲಿ ನನಗೆ ಸಾಕುಸಾಕಾಯಿತು. ಅದರ ಪೆಟ್ಟು ನಿಮಗೇ ಬಿತ್ತು. ಕಲಿಸಿದ್ದೇ ತಪ್ಪಾಯಿತೇನೋ ಅಂತ ನಿನ್ನೆಯಿಂದ ಮನಸ್ಸು ಕೊರೆಯುತ್ತಿದೆ.

ಹೊಲಿಗೆ ಮೆಷಿನ್ ಸದ್ದಿಲ್ಲದೆ ಅವಳಿಗೆ ನಿದ್ದೆ ಬಾರದು, ಫ್ಯಾನ್ ಜೋರಾಗಿ ಹಾಕಿ. "ಅಮ್ಮಾ" ಅಂತ ಕೂಗಿದರೆ ನನ್ನನ್ನೇ ಕರೆಯುತ್ತಿರಬಹುದು. ಆದರೂ ನೀವೇ ಓಗೊಡಿ.

ನನ್ನನ್ನು ಈಗಲೇ ನಿಮ್ಮ ಮನೆಗೆ ಕರೆಯಬೇಡಿ. ಮುಂದೆ ಎಂದಾದರೂ ನಾನು ಬಂದಾಗ, ನನ್ನನ್ನು ಕಂಡು ಅವಳು ನಿಮ್ಮ ಬೆನ್ನ ಹಿಂದೆ ಅಡಗಿದರೆ, ದಯವಿಟ್ಟು ಮುಂದಕ್ಕೆ ಎಳೆಯಬೇಡಿ.

ಇಂತಿ,
ಇನ್ನು ಮೇಲೆ ಅವಳ ಹೊಲಿಗೆ ಅತ್ತೆ