ತೋಳ ನೋಡಲು ಹೋಗುವಾಗ

ಮಾವಾರ,

ನಾನು ಸಂಜೆ ಬಸ್ಸಿಗೆ ಬೆಟಗೇರಿಗೆ, ತವರಿಗೆ ಹೊರಟೆ. ನಾಳೆ ನಸುಕಿನಲ್ಲಿ ಫಾರೆಸ್ಟಿನವರಿಗೆ ತೋಳ ತೋರಿಸಲು ಕಪ್ಪತಗುಡ್ಡಕ್ಕೆ ಹೋಗುತ್ತೀರಲ್ಲ, ನಿಮ್ಮ ಬಟ್ಟೆಯೆಲ್ಲ ಮಂಚದ ಮೇಲೆ ಇಟ್ಟಿದ್ದೇನೆ.

ಒಳಗೆ ಬನಿಯನ್, ಮೇಲೆ ಕಂದು ಸ್ವೆಟರ್. ಗುಡ್ಡ ಹತ್ತುವಾಗ ಸ್ವೆಟರ್ ಬಿಚ್ಚಿ ಹೆಗಲಿಗೆ ಹಾಕಿಕೊಳ್ಳಿ, ಕುಳಿತ ಮೇಲೆ ತೊಡಿ. ಬೆವರಿ ಕುಳಿತರೆ ಥಂಡಿ ಎದೆಗೆ ಇಳಿಯುತ್ತದೆ. ಕಾಲುಚೀಲ ಒಂದೇ ಜೊತೆ ಸಾಕು. ಎರಡಾದರೆ ಬೂಟು ಬಿಗಿದು ಕಾಲು ಜೋಮು ಹಿಡಿಯುತ್ತದೆ.

ನಿಮ್ಮ ಮಗ ತಂದ ನೀಲಿ ಜಾಕೀಟು ಮಾತ್ರ ಬೇಡ. ಹೋದ ವಾರ ಅದು ಚರಚರ ಅಂದಿದ್ದಕ್ಕೇ ತೋಳ ಎದ್ದು ಓಡಿತು. "ಹರೇದಾಗ ಬ್ಯಾಟಿ ಆಡಿದಾಂವ ನಾನು, ಸಾಹೇಬ್ರಿಗೆ ಒಂದ್ ತ್ವಾಳ ತೋರ್ಸಾಕ ಆಗ್ಲಿಲ್ಲ ನೋಡವಾ" ಅಂದು ನೀವು ಉಣ್ಣದೆ ಮಲಗಿದಿರಿ. ನನಗೆ ಅದನ್ನು ನೋಡಲಾಗಲಿಲ್ಲ.

ಅದಕ್ಕೇ ಹೇಳದೆ ಒಂದು ಕೆಲಸ ಮಾಡಿದ್ದೇನೆ, ಬೈಯಬೇಡಿ. ನಿಮ್ಮ ಹಳೆಯ ಕಂಬಳಿ ಕತ್ತರಿಸಿ ಕೋಟು ಹೊಲಿದಿದ್ದೇನೆ. ಅದರ ಗುಂಡಿಯೂ ಬಟ್ಟೆಯದೇ. ಹಾಕಿಕೊಂಡು ಎಷ್ಟು ಅಲುಗಾಡಿದರೂ ಸಪ್ಪಳ ಬರುವುದಿಲ್ಲ, ನಾನೇ ತೊಟ್ಟು ಅಂಗಳದಲ್ಲಿ ಓಡಾಡಿ ನೋಡಿದೆ. ಎಮ್ಮೆ ಕೂಡ ತಿರುಗಿ ನೋಡಲಿಲ್ಲ.

ಮಫ್ಲರ್ ಸುತ್ತಿದರೆ ತೋಳದ ಸಪ್ಪಳ ಕೇಳಿಸುವುದಿಲ್ಲ ಎನ್ನುತ್ತೀರಿ. ಹೋಗಲಿ, ಒಂದು ಕಿವಿಯಾದರೂ ಮುಚ್ಚಿಕೊಳ್ಳಿ.

ತೋಳ ಕಂಡರೆ ಜಲ್ದಿ ಫೋನ್ ಮಾಡಿ. ಮುಂದಿನ ವಾರ ನಾನೂ ಬರುತ್ತೇನೆ. ಬೇಟೆಗೆ ಹೆಣ್ಣುಮಕ್ಕಳನ್ನು ಕರೆದೊಯ್ಯುವ ಪದ್ಧತಿ ನಮ್ಮ ಮನೆಯಲ್ಲಿ ಇಲ್ಲವೆಂದು ಗೊತ್ತು. ಆದರೆ ಈಗ ನೀವು ಹೋಗುವುದು ಕೊಲ್ಲಲು ಅಲ್ಲ, ನೋಡಲು. ನೋಡಲು ನನಗೂ ಕಣ್ಣಿವೆ.

ನಿಮ್ಮ ಸೊಸೆ
ನಾಗರತ್ನಾ