ಮೊದಲ ನೋಟಕ್ಕೆ ನಿಲ್ಲುವವರು

ರೀ,

ಒಂದೇ ಕೂಗಿಗೆ ಓಗೊಟ್ಟವರಲ್ಲ ನೀವು. ಕ್ಯಾಮೆರಾದ ಕಿಂಡಿಗೆ ಕಣ್ಣಿಟ್ಟು ಕೂತರೆ ಮನೆಗೆ ಬೆಂಕಿ ಬಿದ್ದರೂ "ಬಂದೆ ಇರೇ" ಎನ್ನುತ್ತಿದ್ದಿರಿ, ಬರುತ್ತಿರಲಿಲ್ಲ. ಈಗಲೂ ಬರಬೇಡಿ, ಕೇಳಿಸಿಕೊಂಡರೆ ಸಾಕು. ಒಂಟಿ ಜೀವಗಳನ್ನು ಹುಡುಕಿ ತೆಗೆಯುತ್ತಾ ನೀವು ಅರ್ಧಕ್ಕೆ ಬಿಟ್ಟುಹೋದ ಸಿನಿಮಾದ ಕಡೆಯ ಶಾಟ್ ನಾಳೆ ಬೆಳಿಗ್ಗೆ ಶಿವಾರಪಟ್ಟಣದಲ್ಲಿ ತೆಗೆಯುತ್ತಿದ್ದೇವೆ.

ಮಾಲೂರಿನ ಚೆನ್ನಪ್ಪನವರು ನಮ್ಮ ಕೋಲಾರದ ಮನೆಗೆ ಬಂದ ಸಂಜೆ ನೆನಪಿದೆಯೇ? ಹೆಂಚಿನ ಕಾರ್ಖಾನೆಯಲ್ಲಿ ದುಡಿದು ಹಣ್ಣಾದ ಜೀವ. ತವರಿಗೆಂದು ಹೋದ ಹೆಂಡತಿ ಯಾವ ಕಾಲದಿಂದಲೋ ತಿರುಗಿ ಬಂದಿರಲಿಲ್ಲ. ಆದರೂ ದಿನಾ ಒಗೆದ ಪಂಚೆ ಉಟ್ಟು ರೈಲ್ವೆ ಸ್ಟೇಷನ್ನಿಗೆ ಹೋಗುತ್ತಿದ್ದರು. ರೈಲು ಹೊರಟ ಮೇಲೆ ಯಾರು ಸಿಕ್ಕರೂ ಒಂದೇ ಮಾತು: "ಇವತ್ತು ರಶ್ಶು ಕಣಪ್ಪ, ಹತ್ತಾಕೆ ಆಗಿರಲ್ಲ ಅವಳಿಗೆ." ಅದನ್ನೆಲ್ಲ ನೀವು ರೀಲಿನಲ್ಲಿ ಹಿಡಿದು ತಂದು, ಗೋಡೆಗೆ ಬಿಳಿ ದುಪ್ಪಟಿ ಕಟ್ಟಿ, ಅವರಿಗೇ ತೋರಿಸಿದಿರಿ. ತಾವೇ ಎಂದು ಅವರಿಗೆ ಗೊತ್ತಾಗಲಿಲ್ಲ. "ಯಾರಪ್ಪ ಆಯಪ್ಪ, ಪಾಪ? ಯಾರಿಗೆ ಕಾಯ್ತಾವ್ನೆ?" ಎಂದರು. ಸ್ವಲ್ಪ ಹೊತ್ತಿಗೆ ಅವರೇ ತಮ್ಮ ಪಂಚೆಯ ಅಂಚು ಹಿಡಿದು ನೋಡಿಕೊಂಡರು, ಕಾಫಿ ಲೋಟ ಕೆಳಗಿಟ್ಟು ಎದ್ದು ಹೋದರು. ಮಾರನೆಯ ದಿನದಿಂದ ಸ್ಟೇಷನ್ನಿಗೆ ಹೋಗಲಿಲ್ಲ. ಆ ತಿಂಗಳು ಕಳೆಯುವುದರೊಳಗೆ ತೀರಿಕೊಂಡರು.

ಶ್ರೀನಿವಾಸಪುರದ ಟೈಲರ್ ವೆಂಕಟ್ರವಣಪ್ಪನ ಅಂಗಡಿಗೆ ನಾನೂ ಬಂದಿದ್ದೆ. ಯಾರನ್ನೋ ಮದುವೆಯಾಗಿ ದೂರ ಹೋದ ಹುಡುಗಿಗೆ ಆತ ಪ್ರತಿ ಯುಗಾದಿಗೆ ಒಂದು ರವಿಕೆ ಹೊಲಿದಿಡುತ್ತಿದ್ದ. ಕೊಡಲಿಕ್ಕಲ್ಲ, ಸುಮ್ಮನೆ. "ಈ ಹೊತ್ಗೆ ಇಬ್ರು ಮಕ್ಕಳಾಗಿರ್ತವೆ ಸಾರ್, ಒಂದು ಬೆರಳು ಲೂಸ್ ಬಿಡ್ಬೇಕು" ಎಂದು ಗಂಭೀರವಾಗಿ ಹೇಳಿದ. ನನ್ನ ಗಂಡನಿಗೆ ನನ್ನ ಅಳತೆ ಇರಲಿ, ಸೀರೆಯ ಬಣ್ಣವೂ ಗೊತ್ತಿಲ್ಲ ಎಂದು ನಾನು ನಗಾಡಿದೆ. ಅವನಿಗೂ ದುಪ್ಪಟಿಯ ಮೇಲೆ ಅವನನ್ನು ತೋರಿಸಿದಿರಿ. ಕೆಲವು ದಿನಗಳಾದ ಮೇಲೆ ಅಂಗಡಿಯ ಬಾಗಿಲು ಒಡೆದು ಅವನ ಹೆಣ ಹೊರಗೆ ತರಬೇಕಾಯಿತು. ಹೊಲಿದಿಟ್ಟ ಅಷ್ಟೂ ರವಿಕೆಗಳ ಹೊಲಿಗೆ ಬಿಚ್ಚಿ, ಬಟ್ಟೆ ಮಡಿಸಿ ಜೋಡಿಸಿದ್ದನಂತೆ.

ಮುಳಬಾಗಿಲಿನಲ್ಲಿ ನೀವು ತೆಗೆಯಬೇಕೆಂದು ಹೋದ ಹೆಂಗಸು ನಮ್ಮನ್ನು ಕಂಡೊಡನೆ ಕದ ಮುಚ್ಚಿದ್ದು ಅದಾದ ಮೇಲೆ. "ವದ್ದು ಸ್ವಾಮಿ. ಮೀ ಬೊಮ್ಮಲೋ ಪಡಿತೇ ಮನಿಷಿ ಮಿಗಲಡು" ಎಂದಳು ಒಳಗಿನಿಂದಲೇ. ನಿಮ್ಮ ಸಿನಿಮಾದಲ್ಲಿ ಬಿದ್ದವರು ಉಳಿಯುವುದಿಲ್ಲ ಎಂಬ ಮಾತು ಅಷ್ಟು ದೂರ ಹೋಗಿತ್ತು. ಬಸ್ಸಿನಲ್ಲಿ ನೀವು ನಕ್ಕಿರಿ. ಮನೆಗೆ ಬಂದು ಊಟ ಮಾಡಲಿಲ್ಲ. ಕ್ಯಾಮೆರಾ ಯಾರನ್ನೂ ಕೊಲ್ಲಲಿಲ್ಲ, ನನಗೆ ಗೊತ್ತು. ಆದರೆ ತಾನು ಒಂಟಿ ಎಂದು ತಿಳಿಯದೆ ಬದುಕಿದ್ದವನಿಗೆ ಅದನ್ನು ಕಣ್ಣಾರೆ ತೋರಿಸಿದರೆ... ನೀವೂ ಅದನ್ನೇ ಯೋಚಿಸುತ್ತಿದ್ದಿರಾ?

ನನ್ನನ್ನು ಮಾತ್ರ ಒಮ್ಮೆಯೂ ತೆಗೆಯಲಿಲ್ಲ ನೀವು. "ಊರೋರನ್ನೆಲ್ಲ ತೆಗೀತೀರಾ, ನಾನೇನ್ರೀ ಪಾಪ ಮಾಡಿದ್ದೆ?" ಎಂದು ಕೇಳಿದಾಗ, "ನಿನ್ನಲ್ಲಿ ಏನಿದೆ ತೆಗೆಯೋಕೆ? ಉಂಡು, ಉಟ್ಟು, ನೆಮ್ಮದಿಯಾಗಿ ಮಲಗೋಳು ನೀನು" ಎಂದಿರಿ. ನಗುತ್ತಲೇ ಹೇಳಿದಿರಿ. ಅದು ನನಗೆ ಮುಳ್ಳಿನ ಹಾಗೆ ಒಳಗೇ ಉಳಿಯಿತು. ನನ್ನ ಒಂಟಿತನ ಇವರ ಕಣ್ಣಿಗೆ ಬೀಳುವಷ್ಟೂ ಇಲ್ಲವೇ ಎಂದು ಎಷ್ಟು ಸಲ ಅತ್ತಿದ್ದೇನೋ.

ಶಿವಾರಪಟ್ಟಣದಲ್ಲಿ ವಿಗ್ರಹ ಕೆತ್ತುವ ಆಚಾರ್ರ ಕೊಟ್ಟಿಗೆಯಲ್ಲಿ, ಕಲ್ಲಿನ ಪುಡಿಯ ನಡುವೆ, ನೀವು ಆ ದೇವಿಯನ್ನು ಕಂಡ ದಿನ ನಿಮ್ಮ ಮುಖವೇ ಬೇರೆಯಾಗಿತ್ತು. ಕೆತ್ತುವಾಗ ಕಿವಿ ಮುಕ್ಕಾಗಿದ್ದ ವಿಗ್ರಹ. ಮುಕ್ಕಾದದ್ದಕ್ಕೆ ಪೂಜೆಯಿಲ್ಲ, ಪೂಜೆಯಿಲ್ಲದ್ದಕ್ಕೆ ಉಳಿಯಿಟ್ಟು ಕಣ್ಣು ಬಿಡಿಸುವುದಿಲ್ಲ. ಕಣ್ಣು ಬಿಡಿಸುವಾಗ ಎದುರಿಗೆ ಯಾರೂ ನಿಲ್ಲದೆ ಕನ್ನಡಿ ಹಿಡಿಯುತ್ತಾರೆ, ಮನುಷ್ಯ ತಾಳಲಾರದ ಆ ಮೊದಲ ನೋಟ ವಿಗ್ರಹದ ಮುಖದ ಮೇಲೇ ಬೀಳಲಿ ಎಂದು. ನೀವು ಆ ಮುಕ್ಕಾದ ದೇವಿಗೇ ಕಣ್ಣು ಬಿಡಿಸಿ ಎಂದು ಹಟ ಹಿಡಿದಿರಿ. ಕನ್ನಡಿಯೂ ಬೇಡ, ಎದುರಿಗೆ ಒಬ್ಬ ಮನುಷ್ಯ ನಿಲ್ಲಬೇಕು, ದೇವಿಯ ಹೆಗಲ ಹಿಂದಿನಿಂದ ಅವನ ಮುಖ ತೆಗೆಯಬೇಕು ಎಂದಿರಿ.

"ಪೂಜೆ ಇಲ್ದೇ ಬಿಟ್ರೆ ಅದು ಯಾರನ್ನ ನೋಡ್ತಾ ಕೂತ್ಕೊಳ್ಳುತ್ತೆ ಸ್ವಾಮಿ?" ಎಂದು ಆಚಾರ್ರು ಕೇಳಿದರು.

"ನನ್ನನ್ನ ನೋಡ್ಲಿ ಬಿಡಿ. ನಾನೇ ನಿಲ್ತೀನಿ."

ಆಚಾರ್ರು ಉಳಿ ಕೆಳಗಿಟ್ಟರು. "ಆಡಿದ ಮಾತು ಕಲ್ಲಿಗೂ ಕೇಳ್ಸುತ್ತೆ" ಎಂದಷ್ಟೇ ಹೇಳಿ ಒಂದು ದಿನ ಗೊತ್ತು ಮಾಡಿದರು. ಆ ದಿನಕ್ಕೆ ನೀವು ಉಳಿಯಲಿಲ್ಲ. ಕಾಫಿ ಕುಡಿಯುತ್ತಾ ಎದೆ ಹಿಡಿದು ಕೂತವರು ಏಳಲೇ ಇಲ್ಲ. ಊರು ಏನೆಂದಿತು ಎಂದು ಬೇರೆ ಹೇಳಬೇಕೇ?

ನಿಮ್ಮ ವೈಕುಂಠ ಸಮಾರಾಧನೆ ಮುಗಿದ ಮೇಲೆ ನಜೀರ್ ಬಂದಿದ್ದ. ಕ್ಯಾಮೆರಾ ಎರವಲು ಕೊಟ್ಟು, ತಾನೂ ಜೊತೆಗೆ ಅಲೆದ ಫೋಟೋ ಸ್ಟುಡಿಯೋದ ನಿಮ್ಮ ಗೆಳೆಯ, ಹಜಾರದಲ್ಲಿ ತಲೆ ಎತ್ತದೆ ಕೂತಿದ್ದ. "ದೇವಿ ಎದುರಿಗೆ ಅಕ್ಕನ್ನ ನಿಲ್ಸಣ್ಣ, ಮುಖ ಚೆನ್ನಾಗಿ ಬರುತ್ತೆ ಅಂದೆ ಅಕ್ಕಾ. ನನ್ನ ಕಾಲರ್ ಹಿಡ್ಕೊಂಡ್ಬಿಟ್ರು. ಇನ್ನೊಂದ್ಸಲ ಅವಳ ಹೆಸರೆತ್ತಿದ್ರೆ ಕ್ಯಾಮೆರಾ ಬಾವಿಗೆ ಹಾಕ್ತೀನಿ ಅಂದ್ರು."

ಹಾಗಾದರೆ ನೀವೂ ನಂಬಿದ್ದಿರಿ. ಹೊರಗೆ ನಕ್ಕು, ಒಳಗೆ ಹೆದರಿ, ನನ್ನನ್ನು ಆ ಕಿಂಡಿಯಿಂದ ದೂರ ಇಟ್ಟಿದ್ದಿರಿ. ಅದನ್ನು ಬಾಯಿಬಿಟ್ಟು ಹೇಳಲು ನಿಮಗೇನಾಗಿತ್ತು? ಪ್ರೀತಿಯನ್ನೂ ತಿರಸ್ಕಾರದ ಹಾಗೆ ಕೊಟ್ಟಿರಲ್ಲ... ನಿಮ್ಮ ಮೇಲೆ ಕೋಪ ಬಂತು. ಆಮೇಲೆ ಹೊಟ್ಟೆ ತುಂಬ ಅತ್ತೆ.

ಮೊನ್ನೆ ಆಚಾರ್ರ ಬಳಿಗೆ ಹೋಗಿದ್ದೆ. ದೇವಿ ಇನ್ನೂ ಅದೇ ಮೂಲೆಯಲ್ಲಿದೆ. ಬೇಡ ತಾಯಿ ಎಂದರು ಬಹಳ ಹೊತ್ತು. "ಅವರ ಮಾತು ಅರ್ಧಕ್ಕೆ ನಿಂತಿದೆ, ನೀವೇ ಹೇಳಿದ್ರಲ್ಲ ಕಲ್ಲಿಗೆ ಕೇಳ್ಸುತ್ತೆ ಅಂತ. ಅದು ಕಾಯ್ತಿರುತ್ತೆ" ಎಂದೆ. ಅವರು ಉಳಿಯನ್ನು ಮಸೆಯತೊಡಗಿದರು.

ನಾಳೆ ನಾನು ನಿಲ್ಲುತ್ತೇನೆ. ನಜೀರ್ ಕ್ಯಾಮೆರಾ ಹಿಡಿಯುತ್ತಾನೆ. ನೀವು ಬಣ್ಣ ನೋಡದೇ ಹೋದ ಆ ಹಸಿರು ಸೀರೆ ತೆಗೆದಿಟ್ಟಿದ್ದೇನೆ. ಮುಗಿದ ಮೇಲೆ ದೇವಿಯನ್ನು ಎತ್ತಿನ ಗಾಡಿಯಲ್ಲಿ ಮನೆಗೆ ತರಿಸುತ್ತೇನೆ. ಮುಕ್ಕಾದದ್ದನ್ನು ಮನೆಯಲ್ಲಿಡಬಾರದು ಎಂದು ನಿಮ್ಮ ಅಮ್ಮ ಬಾಯಿ ಬಡಿದುಕೊಳ್ಳುತ್ತಾರೆ, ಬಡಿದುಕೊಳ್ಳಲಿ. ನೀವು ಕೂರುತ್ತಿದ್ದ ಜಾಗ ಗುಡಿಸಿಟ್ಟಿದ್ದೇನೆ. ಅಲ್ಲಿಂದ ಅಡುಗೆಮನೆ ನೇರ ಕಾಣುತ್ತದೆ. ಈ ಮನೆಯಲ್ಲಿ ಇನ್ನು ಮೇಲಾದರೂ ಯಾರಾದರೂ ನನ್ನನ್ನು ನೋಡುತ್ತಿರಲಿ.